ಹಬ್ಬದ ಬಿಡುವಿನಲ್ಲಿ ಹಳೆಮನೆಗಳ ದರ್ಶನ: ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಗೆ ಬರುವವರಿಗೆ ಕೆಲವು ಸೂಚನೆಗಳು

ದೀಪಾವಳಿಯ ರಜೆಯನ್ನು ಕರಾವಳಿಯಲ್ಲಿ ಕಳೆಯಬೇಕೆಂದು ಬಂದು, ಕೊಲ್ಲೂರಿನ ದೇವಿಯ ದರ್ಶನ ಮಾಡಿ, ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆಯನ್ನೂ ಕಂಡು ಮುಗಿಸಿದ ಮೇಲೆ, ಈ ಸೀಮೆಯ ಪುರಾತನ ಮನೆಗಳನ್ನೂ ಒಮ್ಮೆ ನೋಡಬೇಕೆಂಬ ಅಭಿಲಾಷೆ ಅನೇಕರಲ್ಲಿ ಹುಟ್ಟುವುದುಂಟು. ಆದರೆ ಹೆದ್ದಾರಿಯ ಮೇಲೆ ಎಷ್ಟು ದೂರ ವಾಹನವನ್ನೋಡಿಸಿದರೂ ಅಂಥ ಮನೆಯೊಂದು ಕಣ್ಣಿಗೆ ಬೀಳುವುದಿಲ್ಲ, ಬಿದ್ದರೂ ಅದರ ಬಾಗಿಲಲ್ಲಿ ಟಿಕೆಟು ಮಾರುವವರಿರುವುದಿಲ್ಲ, ಒಳಗೆ ಹೋಗಬಹುದೇ ಕೂಡದೇ ಎಂಬುದು ತಿಳಿಯದೆ ಹೊರಗಿನಿಂದಲೇ ಒಂದು ಫೋಟೊ ಹಿಡಿದುಕೊಂಡು ಬಂದವರು ಹಿಂದಿರುಗುತ್ತಾರೆ. ಈ ತೊಡಕಿಗೆ ಕಾರಣ ಮನೆಗಳ ಕೊರತೆಯಲ್ಲ. ನಮ್ಮ ಕರಾವಳಿಯ ಊರು ಬಯಲುಸೀಮೆಯ ಊರಿನಂತೆ ಒಂದೆಡೆ ಒತ್ತಾಗಿ ಕಟ್ಟಿಕೊಂಡುದಲ್ಲ. ಒಬ್ಬೊಬ್ಬನ ಮನೆಯೂ ಅವನವನ ಗದ್ದೆ ತೋಟಗಳ ನಡುವೆ ಬೇರೆಬೇರೆಯಾಗಿ ನಿಂತಿರುತ್ತದೆ. 14ನೆಯ ಶತಮಾನದಲ್ಲಿ ಬಸ್ರೂರು, ಬಾರ್ಕೂರುಗಳ ಮೂಲಕ ಹಾದುಹೋದ ಪ್ರವಾಸಿ ಇಬ್ನ್ ಬತೂತನು ಈ ತೀರದಲ್ಲಿ ಪ್ರತಿಯೊಬ್ಬನಿಗೂ ಸ್ವಂತ ತೋಟವೂ ತೋಟದ ಮಧ್ಯದಲ್ಲಿ ಮನೆಯೂ ಸುತ್ತ ಮರದ ಬೇಲಿಯೂ ಇದ್ದುದನ್ನು ಬರೆದಿಟ್ಟಿದ್ದಾನೆ. ಅಂದು ಹೇಗೋ ಇಂದೂ ಬಹುಮಟ್ಟಿಗೆ ಹಾಗೆಯೇ. ಆದುದರಿಂದ ಇಲ್ಲಿ ಮನೆಯನ್ನು ಹುಡುಕತಕ್ಕದ್ದು ದಾರಿಯ ಗುರುತಿನಿಂದಲ್ಲ, ಮನೆಯ ಹೆಸರಿನಿಂದ. ಒಳಹೋಗತಕ್ಕದ್ದು ಪ್ರೇಕ್ಷಕನಾಗಿಯಲ್ಲ, ಅತಿಥಿಯಾಗಿ. ಮುಂದೆ ಹೇಳುವುದೆಲ್ಲ ಈ ಎರಡು ಮಾತುಗಳ ವಿಸ್ತರಣೆಯೇ ಆಗಿದೆ.

ಮನೆ ಹಾಗೇಕಿದೆ

ನೋಡುವುದಕ್ಕೆ ಮೊದಲು, ನೋಡುವುದೇನನ್ನು ಎಂಬುದನ್ನು ಸ್ವಲ್ಪ ತಿಳಿದಿರಬೇಕು. ಈ ಮನೆಗಳನ್ನು ಕಟ್ಟಿದವರು ಇಬ್ಬರು ಯಜಮಾನರ ಅಪ್ಪಣೆಯಂತೆ ಕಟ್ಟಿದರು. ಒಬ್ಬ ಮಳೆರಾಯ, ಇನ್ನೊಬ್ಬ ಭತ್ತ. ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಸುರಿಯುವ ಮಳೆ, ಅದರ ಬಹುಭಾಗವೂ ಜೂನಿನಿಂದ ಸೆಪ್ಟೆಂಬರಿನೊಳಗೆ, ಅದೂ ಪಡುವಣ ಗಾಳಿಯೊಡನೆ ಓರೆಯಾಗಿ ಬಡಿಯುವಂಥದು. ಮುರಕಲ್ಲಿನ ಗೋಡೆಯಾಗಲಿ ಮಣ್ಣಿನ ಗೋಡೆಯಾಗಲಿ ಆ ಹೊಡೆತವನ್ನು ನೇರವಾಗಿ ತಾಳದು. ಅದಕ್ಕಾಗಿಯೇ ಮಾಡು ಕಡಿದಾಗಿ ಇಳಿದು, ಅದರ ಅಂಚು ಮನುಷ್ಯನ ತಲೆಗೆ ತಾಗುವಷ್ಟು ಕೆಳಕ್ಕೆ ಬಂದಿರುತ್ತದೆ. ಮನೆಯೊಳಗೆ ಬರುವವನು ತಲೆ ಬಾಗಿ ಬರಲೆಂದು ಹಿರಿಯರು ಹೀಗೆ ಮಾಡಿದರೆಂದು ಹೇಳುವವರಿದ್ದಾರೆ. ಮಾತು ಚೆನ್ನಾಗಿದೆ, ಆದರೆ ಬಗ್ಗಿಸಿದ್ದು ವಿನಯವಲ್ಲ, ಆಷಾಢದ ಗಾಳಿ. ಅಂಚಿನ ಕೆಳಗೆ ಉದ್ದಕ್ಕೂ ಜಗಲಿ. ಅದು ಗೋಡೆಗೂ ಮಳೆಗೂ ನಡುವಣ ತೆರಪು. ನಾಲ್ಕು ಕಡೆಯೂ ಮನೆಯಿದ್ದು ನಡುವೆ ಆಕಾಶಕ್ಕೆ ತೆರೆದ ಅಂಗಳವುಳ್ಳ ಚೌಕಿಮನೆಯಲ್ಲಿ ಆ ತೆರಪು ಒಳಗೂ ಇರುತ್ತದೆ. ಹೊರಗೆ ತಗ್ಗಿದ ಮಾಡಿನಿಂದ ಕತ್ತಲಾದ ಕೋಣೆಗಳಿಗೆ ಬೆಳಕೂ ಗಾಳಿಯೂ ಬರುವುದು ಅಲ್ಲಿಂದಲೇ. ಬಿದ್ದ ನೀರು ಕಲ್ಲಿನ ಕಂಡಿಯೊಂದರಿಂದ ಹೊರಕ್ಕೆ ಹರಿದುಹೋಗುತ್ತದೆ. ಮನೆಯೊಳಗೆ ಹೋದೊಡನೆ ಆ ಕಂಡಿ ಎಲ್ಲಿದೆಯೆಂದು ಹುಡುಕಿ ನೋಡಿರಿ. ಅದು ಸಿಕ್ಕಿತೆಂದರೆ ನೆಲದ ಇಳಿಜಾರೂ ಕಟ್ಟಿದವನ ಲೆಕ್ಕಾಚಾರವೂ ತಿಳಿದಂತೆಯೇ.

ಇನ್ನು ಭತ್ತ. ಮುಂದಿನ ವಿಶಾಲವಾದ ಅಂಗಳ ಶೋಭೆಗಾಗಿ ಬಿಟ್ಟುದಲ್ಲ. ಕೊಯ್ದ ಪೈರು ಬಂದು ಬೀಳುವುದು, ಬಡಿಯುವುದು, ಒಣಗುವುದು, ಅಳೆಯುವುದು ಎಲ್ಲವೂ ಅಲ್ಲಿಯೇ ನಡೆಯತಕ್ಕದ್ದು. ಅಲ್ಲಿಂದ ಭತ್ತ ಹುಲ್ಲಿನ ಹಗ್ಗ ಸುತ್ತಿ ಕಟ್ಟಿದ ತಿರಿಗೋ, ಮರದ ಪತ್ತಾಯಕ್ಕೋ, ಉಪ್ಪರಿಗೆಯ ಕಣಜಕ್ಕೋ ಏರಬೇಕು. ಅಂಗಳವನ್ನು ಎದುರಿಗಿಟ್ಟುಕೊಂಡು ಕುಳಿತ ಚಾವಡಿಯಲ್ಲಿ ಯಜಮಾನನು ಗೇಣಿಯ ಲೆಕ್ಕವನ್ನೂ ಊರಿನ ನ್ಯಾಯವನ್ನೂ ನೋಡುತ್ತಿದ್ದನು. ಕಂಬಗಳ ಕೆತ್ತನೆ, ಮುಚ್ಚಿಗೆಯ ಹೂಬಳ್ಳಿ, ಹೆಬ್ಬಾಗಿಲಿನ ದಪ್ಪ ಇವೆಲ್ಲ ಅಲ್ಲಿ ಒಟ್ಟಾಗಿರುವುದಕ್ಕೆ ಅದೇ ಹೇತು. ಒಳಗೊಳಗೆ ಹೋದಂತೆ ಕೆತ್ತನೆ ಕಡಿಮೆಯಾಗುತ್ತದೆ, ಹೊಗೆ ಹೆಚ್ಚಾಗುತ್ತದೆ. ಪೇಟೆಯ ಮನೆಗಳ ಬಗೆ ಬೇರೆ. ಕುಂದಾಪುರ, ಬಸ್ರೂರು, ಗಂಗೊಳ್ಳಿಗಳ ಹಳೆಯ ಕೇರಿಗಳಲ್ಲಿ ಮುಖ ಕಿರಿದಾಗಿ, ಮುಂದೆ ಅಂಗಡಿಯಿದ್ದು, ಹಿಂದಕ್ಕೆ ಉದ್ದುದ್ದನೆ ಸಾಗುವ ಮನೆಗಳನ್ನು ಕಾಣುವಿರಿ. ಅವನ್ನು ಕಟ್ಟಿಸಿದ್ದು ಗದ್ದೆಯಲ್ಲ, ವ್ಯಾಪಾರ.

ಹಬ್ಬದ ಕಾಲವೇ ಏಕೆ

ಈ ಸೀಮೆಯ ಅನೇಕ ದೊಡ್ಡ ಮನೆತನಗಳು ಅಳಿಯಸಂತಾನದ ಕಟ್ಟಿಗೆ ಒಳಪಟ್ಟವು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಅವಿಭಕ್ತವಾಗಿ ಸಾಗುತ್ತಿತ್ತು, ಸೋದರಮಾವನು ಯಜಮಾನನಾಗಿ ನಡೆಸುತ್ತಿದ್ದನು. ಕಟ್ಟಿನ ಮೂಲವನ್ನು ಐತಿಹ್ಯವು ಬಾರ್ಕೂರಿನ ಭೂತಾಳ ಪಾಂಡ್ಯನಿಗೆ ಒಯ್ದು ಮುಟ್ಟಿಸುತ್ತದೆ. ಮನೆ ಒಡೆಯದೆ ಬೆಳೆದುದೂ ಕೋಣೆಯ ಮೇಲೆ ಕೋಣೆ ಸೇರಿದುದೂ ಹೀಗೆ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಇನ್ನಷ್ಟು ಮುಂದೊಯ್ದಿತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರನೇ ಗದ್ದೆಯ ಒಡೆಯನಾದನು. ಅದು ನ್ಯಾಯವಾಗಿಯೇ ಆಯಿತು. ಕೆತ್ತನೆಯ ಕಂಬಗಳನ್ನು ಕಂಡು ಹಳೆಯ ಕಾಲಕ್ಕಾಗಿ ಮರುಗುವವರು, ಕಣಜ ತುಂಬಿದ ಗೇಣಿಯಕ್ಕಿ ಯಾರ ಬೆವರೆಂಬುದನ್ನು ಮರೆಯಬಾರದು. ಆದರೆ ಅಕ್ಕಿ ಬರುವುದು ನಿಂತ ಮೇಲೆ ಅಷ್ಟು ದೊಡ್ಡ ಮಾಡಿನ ಹೆಂಚು ಹೊದಿಸುವ ಶಕ್ತಿ ಮನೆಗೆ ಉಳಿಯಲಿಲ್ಲ. ಮಕ್ಕಳು ಮುಂಬಯಿಗೆ, ಬೆಂಗಳೂರಿಗೆ, ಹೋಟೆಲಿಗೆ, ಕೊಲ್ಲಿಗೆ ಹೋದರು. ಪಾಲುದಾರರು ಎಷ್ಟೋ ಮಂದಿಯಾದರು. ಬೀಗದ ಕೈ ಎಲ್ಲೋ ಒಬ್ಬರ ಬಳಿ ಉಳಿಯಿತು.

ಇಂಥ ಮನೆ ವರ್ಷದಲ್ಲಿ ಮೈದುಂಬಿ ತೆರೆದುಕೊಳ್ಳುವುದು ಹಬ್ಬಕ್ಕೆ, ಇಲ್ಲವೆ ದೈವದ ಕೋಲಕ್ಕೆ. ನವರಾತ್ರಿಯ ಸುಮಾರಿಗೆ ಹೊಸ್ತಿನ ಕದಿರು ಕಂಬಕ್ಕೂ ಬಾಗಿಲಿಗೂ ಏರುತ್ತದೆ. ದೀಪಾವಳಿಗೆ ಬಚ್ಚಲ ಹಂಡೆಗೆ ನೀರು ತುಂಬುವುದು, ಅಭ್ಯಂಜನ, ಗೋಪೂಜೆ, ಗದ್ದೆಗೆ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುವುದು, ಹೀಗೆ ಮನೆಯ ಒಂದೊಂದು ಭಾಗಕ್ಕೂ ಅದರದರ ಕೆಲಸ ಮರಳಿ ಬರುತ್ತದೆ. ಮಳೆ ಕಳೆದಿರುವುದರಿಂದ ದಾರಿಯೂ ಒಣಗಿರುತ್ತದೆ. ಆದರೆ ಇಲ್ಲಿಯೇ ಒಂದು ಸಂದಿಗ್ಧವಿದೆ: ಮನೆಯಲ್ಲಿ ಜನರಿರುವ ದಿನವೇ ಅವರಿಗೆ ಪುರಸೊತ್ತಿಲ್ಲದ ದಿನ. ವರ್ಷಕ್ಕೊಮ್ಮೆ ಕೂಡಿದ ಒಡಹುಟ್ಟಿದವರ ನಡುವೆ ಅಪರಿಚಿತನೊಬ್ಬನು ಕ್ಯಾಮೆರಾ ಹಿಡಿದು ನಿಂತರೆ ಯಾರಿಗೆ ಹಿತವಾದೀತು? ಆದುದರಿಂದ ಚತುರ್ದಶಿಯ ಮುಂಜಾವು, ಅಮಾವಾಸ್ಯೆ ಪಾಡ್ಯಗಳ ಸಂಜೆ ಇವನ್ನು ಮನೆಯವರಿಗೇ ಬಿಟ್ಟು, ಪಾಡ್ಯ ಕಳೆದ ಮರುದಿನ ಅಥವಾ ಅದರ ಮಾರನೆಯ ದಿನ, ಬೆಳಗಿನ ಹತ್ತರಿಂದ ಹನ್ನೆರಡರೊಳಗೆ ಹೋಗುವುದು ಉಚಿತ. ಬಂದವರು ಇನ್ನೂ ಹೊರಟಿರುವುದಿಲ್ಲ, ಹಬ್ಬದ ಗಡಿಬಿಡಿ ತೀರಿರುತ್ತದೆ, ಬೀಗದ ಕೈಯೂ ಊರಿನಲ್ಲಿಯೇ ಇರುತ್ತದೆ.

ಎಲ್ಲಿಂದ ಆರಂಭಿಸಬೇಕು

ಕುಂದಾಪುರದ ಕಡೆಯ ಮನೆಯನ್ನು ನೋಡಲು ಮೊದಲು ಮಣಿಪಾಲಕ್ಕೆ ಹೋಗಿರಿ ಎಂದರೆ ವಿಚಿತ್ರವೆನಿಸಬಹುದು. ಆದರೆ ಅಲ್ಲಿ ವಿಜಯನಾಥ ಶೆಣೈಯವರು (1934–2017) ತಮ್ಮ ಆಯುಷ್ಯದ ಬಹುಭಾಗವನ್ನು ತೆತ್ತು ಕಟ್ಟಿದ ಹಸ್ತಶಿಲ್ಪದ ಪರಂಪರಾಗ್ರಾಮದಲ್ಲಿ, ಕೆಡವಲಿದ್ದ ಮನೆಗಳನ್ನು ಮರಮರವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. 1816ರಲ್ಲಿ ಕಟ್ಟಿದ ಕುಂಜೂರಿನ ಚೌಕಿಮನೆಯಿದೆ, ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನಮನೆಯೂ ಇದೆ. ಅಲ್ಲಿ ಯಾರ ಸಂಕೋಚವೂ ಇಲ್ಲದೆ ಕಂಬವನ್ನು ಮುಟ್ಟದೆಯೇ ಹತ್ತಿರದಿಂದ ನೋಡಬಹುದು, ವಿವರಿಸುವವರನ್ನು ಕೇಳಬಹುದು, ಜಗಲಿ ಯಾವುದು ಚಾವಡಿ ಯಾವುದು ಎಂಬ ಪಾಠ ಮುಗಿಸಿಕೊಳ್ಳಬಹುದು. ಪ್ರವೇಶದ ಸಮಯವನ್ನು ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಒಂದು ಮಾತು ಮಾತ್ರ ನೆನಪಿರಲಿ: ಬಿಚ್ಚಿ ತಂದ ಮನೆಯೊಡನೆ ಅದರ ಗದ್ದೆ, ಬಾವಿ, ಬನಗಳು ಬರಲಾರವು. ಅವನ್ನು ನೋಡಲಿಕ್ಕೇ ಮುಂದಿನ ಪ್ರಯಾಣ.

ಮೊದಲ ದಿನ ಬ್ರಹ್ಮಾವರದಿಂದ ಪೇತ್ರಿ, ಕೊಕ್ಕರ್ಣೆಗಳ ಕಡೆ ಒಳಕ್ಕೆ ಹೋದರೆ ಸೂರಾಲು ಸಿಗುತ್ತದೆ. ಅಲ್ಲಿಯ ಅರಮನೆ ತೊಳಹರೆಂಬ ಜೈನ ಅರಸುಮನೆತನದ್ದು. ಅರಮನೆಯೆಂಬ ಹೆಸರು ಕೇಳಿ ಮೈಸೂರಿನ ವೈಭವವನ್ನು ಕಲ್ಪಿಸಿಕೊಂಡವರು ನಿರಾಶರಾದಾರು, ಏಕೆಂದರೆ ಇದು ಮಣ್ಣಿನ ಗೋಡೆಯ ಕಟ್ಟಡ. ಅದೇ ಅದರ ಹೆಚ್ಚುಗಾರಿಕೆ. ಇಷ್ಟು ಮಳೆ ಬೀಳುವ ನಾಡಿನಲ್ಲಿ ಮಣ್ಣು ಶತಮಾನಗಳ ಕಾಲ ನಿಂತಿತೆಂದರೆ ಅದನ್ನು ಕಾಪಾಡಿದ್ದು ಗೋಡೆಯ ಗಟ್ಟಿತನವಲ್ಲ, ಮೇಲಿನ ಮಾಡು. ಮಾಡು ಸೋರತೊಡಗಿದರೆ ಮೂರು ನಾಲ್ಕು ಮಳೆಗಾಲಗಳಲ್ಲಿ ಮಣ್ಣು ಮಣ್ಣಿಗೆ ಸೇರುತ್ತದೆ. ಸರಕಾರದ ನೆರವಿನಿಂದ ಜೀರ್ಣೋದ್ಧಾರವಾದ ಈ ಅರಮನೆಯ ಅಂಗಳದಲ್ಲಿ ನಿಂತು, ಗೋಡೆಯ ದಪ್ಪಕ್ಕೂ ಮಾಡಿನ ಚಾಚಿಗೂ ಇರುವ ಸಂಬಂಧವನ್ನು ಕಣ್ಣಳತೆಯಿಂದಲೇ ಗುರುತಿಸಲು ಯತ್ನಿಸಿರಿ.

ಅಲ್ಲಿಂದ ಬಾರ್ಕೂರು. ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಮುಖ್ಯಪಟ್ಟಣವಾಗಿ ಮೆರೆದ ಈ ಊರಿನ ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿಗಳನ್ನು ಕಾಲ್ನಡಿಗೆಯಲ್ಲಿಯೇ ನೋಡಬೇಕು. ಕತ್ತಲೆ ಬಸದಿಯ, ಪಂಚಲಿಂಗೇಶ್ವರ ದೇವಾಲಯದ ಮಾಡುಗಳನ್ನು ಗಮನಿಸಿದರೆ ಮನೆಯ ಮಾಡಿಗೂ ದೇವರ ಗುಡಿಯ ಮಾಡಿಗೂ ಇರುವ ನಂಟು ಹೇಳದೆಯೇ ಹೊಳೆಯುತ್ತದೆ. ಕಲ್ಲಿನ ಚಪ್ಪಡಿಯನ್ನೂ ಇಲ್ಲಿ ಹುಲ್ಲಿನ ಮಾಡಿನಂತೆಯೇ ಇಳಿಜಾರಾಗಿ ಹೊದಿಸಿದ್ದಾರೆ.

ಎರಡನೆಯ ದಿನ ಸಾಲಿಗ್ರಾಮ, ಕೋಟಗಳ ಮಾರ್ಗವಾಗಿ ಕುಂದಾಪುರಕ್ಕೆ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು ಕೋಟ; ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಹೊರಡುವ ಮುನ್ನ ಅವರ ಕಾದಂಬರಿ ‘ಮರಳಿ ಮಣ್ಣಿಗೆ’ಯನ್ನು ಓದಿಕೊಂಡು ಬಂದವರಿಗೆ ಮಾರ್ಗದರ್ಶಕರ ಆವಶ್ಯಕತೆ ಅರ್ಧದಷ್ಟು ತಗ್ಗುತ್ತದೆ, ಏಕೆಂದರೆ ಸಣ್ಣ ಮನೆಯ ಒಳಗು ಹೇಗಿತ್ತೆಂಬುದನ್ನು ಹೇಳುವವರು ಕಡಿಮೆ, ದೊಡ್ಡ ಮನೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕುಂದಾಪುರದಲ್ಲಿ 1570ರಷ್ಟು ಹಿಂದಿನ ಸ್ಥಾಪನೆಯೆನ್ನುವ ರೋಸರಿ ಮಾತೆಯ ಇಗರ್ಜಿಯನ್ನು ಕಂಡು, ಮೂರು ಕಡೆ ನೀರಿರುವ ಆ ಪೇಟೆಯ ಹಳೆಯ ಬೀದಿಗಳಲ್ಲಿ ಸುತ್ತಾಡಿ, ವಾರಾಹಿಯ ದಡದ ಬಸ್ರೂರಿಗೆ ಹೋಗಿರಿ. 1665ರಲ್ಲಿ ಶಿವಾಜಿಯು ಹಡಗಿನ ದಂಡು ಕಟ್ಟಿಕೊಂಡು ಬಂದು ಸೂರೆ ಮಾಡುವಷ್ಟು ಸಂಪತ್ತಿದ್ದ ಬಂದರು ಅದು; ಇಂದು ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ನಿಮ್ಮ ಹೆಜ್ಜೆಯ ಸಪ್ಪಳ ನಿಮಗೇ ಕೇಳಿಸುತ್ತದೆ.

ಮೂರನೆಯ ದಿನ ಬೈಂದೂರಿನ ಕಡೆಗೆ. ಅಲ್ಲಿಯ ಮೊಗೇರಿ ಕವಿ ಗೋಪಾಲಕೃಷ್ಣ ಅಡಿಗರ ಹುಟ್ಟೂರು. ಈ ಭಾಗದಲ್ಲಿ ಹೆಸರು ಹೇಳಿ ತೋರಿಸಬಹುದಾದ, ಎಲ್ಲರಿಗೂ ತೆರೆದ ಮನೆಗಳು ಕಡಿಮೆ. ಪರಿಚಯದ ಮೂಲಕ ಹೋಗತಕ್ಕ ಮನೆಗಳು ಹೆಚ್ಚು.

ಪರಿಚಯದ ಮೂಲಕ ಹೋಗುವ ಕ್ರಮ

ಇಂಗ್ಲೆಂಡಿನಲ್ಲಿ 1895ರಲ್ಲಿಯೇ ರಾಷ್ಟ್ರೀಯ ನ್ಯಾಸವೊಂದು ಸ್ಥಾಪನೆಯಾಗಿ, ಮುಂದೆ ಜಮೀನುದಾರರ ಎಷ್ಟೋ ಮನೆಗಳನ್ನು ವಹಿಸಿಕೊಂಡು ಸಾರ್ವಜನಿಕರಿಗೆ ತೆರೆಯಿತು. ನಮ್ಮಲ್ಲಿ ಅಂಥ ಏರ್ಪಾಡಿಲ್ಲವಾದ್ದರಿಂದ ಇಲ್ಲಿ ಟಿಕೆಟಿನ ಸ್ಥಾನದಲ್ಲಿರುವುದು ವಿಶ್ವಾಸ.

1. ಒಂದು ವಾರಕ್ಕಿಂತ ಮುಂಚಿತವಾಗಿ ಮಧ್ಯಸ್ಥರೊಬ್ಬರನ್ನು ಹಿಡಿಯಿರಿ. ಊರಿನ ಶಾಲೆಯ ನಿವೃತ್ತ ಅಧ್ಯಾಪಕರು, ದೇವಸ್ಥಾನದ ಅರ್ಚಕರು, ಅಂಚೆಯವರು, ಯಕ್ಷಗಾನದ ನಂಟುಳ್ಳವರು ಇವರಿಗೆ ತಿಳಿಯದ ಮನೆಯಿಲ್ಲ. ಅವರ ಮೂಲಕ ಹೋದ ಮಾತಿಗೆ ಇರುವ ತೂಕ ನಿಮ್ಮ ನೇರ ದೂರವಾಣಿ ಕರೆಗೆ ಇರುವುದಿಲ್ಲ.

2. ಎಷ್ಟು ಮಂದಿ, ಎಷ್ಟು ಹೊತ್ತು, ಫೋಟೊ ತೆಗೆಯುವ ಉದ್ದೇಶವಿದೆಯೇ, ಇಷ್ಟನ್ನೂ ಮೊದಲೇ ತಿಳಿಸಿರಿ. ಐದಾರು ಮಂದಿಗಿಂತ ಹೆಚ್ಚಿದ್ದರೆ ಎರಡು ತಂಡವಾಗಿ ಬೇರೆ ಬೇರೆ ದಿನ ಹೋಗುವುದು ಲೇಸು.

3. ವಾಹನವನ್ನು ಅಂಗಳಕ್ಕೆ ನುಗ್ಗಿಸಬೇಡಿರಿ. ಕಾರ್ತಿ ಬೆಳೆಯ ಕೊಯ್ಲಿನ ಕಾಲವಾದ್ದರಿಂದ ಅಲ್ಲಿ ಭತ್ತ ಒಣಗುತ್ತಿರಬಹುದು. ತಡಮೆಯ ಹೊರಗೆ ನಿಲ್ಲಿಸಿ ನಡೆದು ಬನ್ನಿರಿ. ಮನೆಯನ್ನು ದೂರದಿಂದ ಕ್ರಮೇಣ ಕಾಣುತ್ತ ಬರುವುದೇ ಅದನ್ನು ನೋಡುವ ಸರಿಯಾದ ಬಗೆ ಕೂಡ.

4. ಕಾಲು ತೊಳೆದು ಜಗಲಿಯಲ್ಲಿ ನಿಲ್ಲಿರಿ. ‘ಬನ್ನಿ, ಕೂಕಣಿ’ ಎಂದು ಹೇಳುವ ತನಕ ಒಳಗೆ ಹೆಜ್ಜೆಯಿಡಬಾರದು. ಹೇಳಿದ ಮೇಲೆ ಕುಳಿತುಕೊಳ್ಳಲೇಬೇಕು. ಆಸರಿಗೆಂದು ಬೆಲ್ಲ ನೀರೋ ಮಜ್ಜಿಗೆಯೋ ಬರುತ್ತದೆ. ಅವಸರವೆಂದು ಅದನ್ನು ನಿರಾಕರಿಸಿದವರಿಗೆ ಚಾವಡಿಯಿಂದಾಚೆ ಏನೂ ಕಾಣಸಿಗುವುದಿಲ್ಲ.

5. ಮೊದಲು ಮನುಷ್ಯರನ್ನು ವಿಚಾರಿಸಿ ಆ ಮೇಲೆ ಕಂಬವನ್ನು ವಿಚಾರಿಸಿರಿ. ಮನೆಯ ಹಿರಿಯ ಹೆಂಗಸನ್ನು ಮಾತಿಗೆಳೆಯುವುದು ಮುಖ್ಯ. ಗಂಡಸರು ಮನೆತನದ ಪ್ರತಿಷ್ಠೆಯನ್ನು ಹೇಳುತ್ತಾರೆ, ಯಾವ ಕೋಣೆಯಲ್ಲಿ ಬಾಣಂತಿಯರು ಮಲಗುತ್ತಿದ್ದರು, ಮಳೆಗಾಲಕ್ಕೆ ಹಪ್ಪಳ ಉಪ್ಪಿನಕಾಯಿ ಎಲ್ಲಿ ಇಡುತ್ತಿದ್ದರು ಎಂಬುದನ್ನು ಹೇಳಬಲ್ಲವರು ಹೆಂಗಸರೇ. ಮನೆ ಅರ್ಥವಾಗುವುದು ಈ ಎರಡನೆಯ ಮಾತಿನಿಂದ.

6. ಹಣ ಕೊಡಲು ಹೋಗಬೇಡಿರಿ. ಎಲೆಯಡಿಕೆ, ಹಣ್ಣು, ಮಕ್ಕಳಿದ್ದರೆ ಒಂದೆರಡು ಪುಸ್ತಕ ಸಾಕು.

ಎಚ್ಚರಿಕೆಗಳು

ದೈವದ ಕೋಣೆ, ದೇವರ ಕೋಣೆ, ಅಡುಗೆಮನೆ, ನಾಗಬನ ಇವುಗಳಿಗೆ ಮನೆಯವರು ಕರೆದ ಹೊರತು ಹೋಗಕೂಡದು. ಕರೆದರೂ ಫೋಟೊಗೆ ಮತ್ತೊಮ್ಮೆ ಕೇಳಬೇಕು. ಬಾಗಿಲಿನ ಮರದ ಬೀಗ, ಅಗುಳಿಗಳ ಚಿತ್ರವನ್ನೂ ಒಳಗಿನ ಕಂಚು ಹಿತ್ತಾಳೆಗಳ ಚಿತ್ರವನ್ನೂ ಮನೆಯ ಹೆಸರಿನೊಡನೆ ಎಲ್ಲರೂ ನೋಡುವಂತೆ ಹಾಕುವುದು ಕಳ್ಳನಿಗೆ ದಾರಿ ಬರೆದುಕೊಟ್ಟಂತೆ. ವರ್ಷದ ಹೆಚ್ಚಿನ ದಿನ ಆ ಮನೆಗಳಲ್ಲಿ ಇರುವವರು ವೃದ್ಧರಿಬ್ಬರು, ಕೆಲವೆಡೆ ಅವರೂ ಇಲ್ಲ.

‘ಈ ಬಾಗಿಲವಾಡ ಮಾರುತ್ತೀರಾ’ ಎಂಬ ಪ್ರಶ್ನೆಯನ್ನು ತಮಾಷೆಗೂ ಕೇಳಬೇಡಿರಿ. ಹಳೆಯ ಮರ ಕೊಳ್ಳುವವರು ಹೀಗೆಯೇ ಮಾತು ತೆಗೆಯುತ್ತ ಬಂದು ಬಂದು, ಅಪರಿಚಿತರನ್ನು ಕಂಡರೆ ಸಂಶಯಪಡುವುದು ಮನೆಯವರಿಗೆ ಅಭ್ಯಾಸವಾಗಿಹೋಗಿದೆ. ಇದಲ್ಲದೆ 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಕೆತ್ತನೆಗಳೂ 75 ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವುದೂ ಖಾಸಗಿಯವರು ದೇಶದ ಹೊರಕ್ಕೆ ಸಾಗಿಸುವುದೂ ಅಪರಾಧ.

ಮೈಯ ಜೋಪಾನಕ್ಕೂ ಒಂದೆರಡು ಮಾತು. ಉಪ್ಪರಿಗೆಯ ಹಲಗೆ ಮೇಲೆ ನೋಡಲು ಗಟ್ಟಿಯಾಗಿದ್ದು ಒಳಗೆ ಗೆದ್ದಲು ತಿಂದಿರಬಹುದು, ಆದುದರಿಂದ ಒಬ್ಬೊಬ್ಬರಾಗಿ, ತೊಲೆಯ ಮೇಲಣ ಜಾಗದಲ್ಲಿಯೇ ಕಾಲಿಡುತ್ತ ಹೋಗಿರಿ. ಬಳಸದ ಕೋಣೆಗೆ ಟಾರ್ಚಿಲ್ಲದೆ ಹೋಗಬೇಡಿರಿ. ಮಳೆಗಾಲದ ಹಾವಸೆ ಮೆಟ್ಟಿಲುಗಳ ಮೇಲೆ ದೀಪಾವಳಿಯವರೆಗೂ ಉಳಿದಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡದು ಕಾಲನಿರ್ಣಯದ ತಪ್ಪು. ‘ಐನೂರು ವರ್ಷದ ಮನೆ’ ಎಂದು ಮನೆಯವರು ಹೇಳಿದರೆ ಅದು ಮನೆತನದ ವಯಸ್ಸು, ಗೋಡೆಯದಲ್ಲ; ಎದುರಾಡದೆ ಕೇಳಿಕೊಂಡು, ಕಣ್ಣನ್ನು ಬೇರೆಡೆ ಇಡಿರಿ. ಮೊದಲು ಹೆಂಚನ್ನು ನೋಡಿರಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವನು ಹೆಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಅದಕ್ಕೆ ಮೊದಲು ಹೆಚ್ಚಿನ ಮಾಡುಗಳು ಮುಳಿಹುಲ್ಲಿನವು, ಅನುಕೂಲಸ್ಥರದು ನಾಡಹೆಂಚಿನವು. ಹೆಂಚಿನ ಮೇಲೆ 1865 ಎಂಬ ಅಚ್ಚು ಕಂಡು ಮನೆ ಕಟ್ಟಿದ ವರ್ಷ ಸಿಕ್ಕಿತೆಂದು ಹಿಗ್ಗುವವರಿದ್ದಾರೆ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ. ಎಷ್ಟೋ ದಶಕಗಳ ತನಕ ಅದೇ ಅಚ್ಚು ಒತ್ತುತ್ತಿದ್ದರು. ಕಾಮನ್‌ವೆಲ್ತ್ ಟ್ರಸ್ಟಿನ ಹೆಸರಿದ್ದರೆ ಅದು ಮೊದಲ ಮಹಾಯುದ್ಧದ ತರುವಾಯದ್ದು, ಏಕೆಂದರೆ ಮಿಶನ್ನಿನ ಉದ್ಯಮಗಳು ಆ ಸಂಸ್ಥೆಯ ಕೈಸೇರಿದ್ದು ಯುದ್ಧದ ಕಾರಣದಿಂದಲೇ. ಇಷ್ಟಾದರೂ ಹೆಂಚು ಹೇಳುವುದು ಮಾಡಿನ ಕೊನೆಯ ಹೊದಿಕೆಯ ಕಾಲವನ್ನು ಮಾತ್ರ. ಕೆಳಗಿನ ಕಂಬ ಅದಕ್ಕಿಂತ ಎಷ್ಟೋ ಹಳತಾಗಿರಬಹುದು.

ಕೆಂಪಗೆ ಹೊಳೆಯುವ ನೆಲವನ್ನು ಪ್ರಾಚೀನವೆಂದು ಕೊಂಡಾಡುವುದೂ ಹಾಗೆಯೇ. ಅದು ಸಿಮೆಂಟಿಗೆ ಬಣ್ಣ ಬೆರೆಸಿ ತಿಕ್ಕಿದ್ದು, 20ನೆಯ ಶತಮಾನದ ಅಲಂಕಾರ. ಅದಕ್ಕೂ ಹಿಂದಿನದು ಸೆಗಣಿ ಮಸಿ ಸಾರಿಸಿದ ಮಣ್ಣು ನೆಲ. ದೊಡ್ಡ ಮನೆಗಳಲ್ಲಿಯೂ ಹಿಂಬದಿಯ ಕೋಣೆಗಳಲ್ಲಿ ಅದು ಈಗಲೂ ಸಿಕ್ಕೀತು. ಕಿಟಕಿಯ ಕಬ್ಬಿಣದ ಸರಳು, ಬಣ್ಣದ ಗಾಜು ಇವೆಲ್ಲ ಅನಂತರದ ಸೇರ್ಪಡೆ. ಹಲಸು, ಕಿರಾಲುಬೋಗಿ, ತೇಗ ಇವುಗಳಲ್ಲಿ ಯಾವ ಮರವನ್ನು ಎಲ್ಲಿ ಬಳಸಿದ್ದಾರೆಂಬುದನ್ನು ಬಡಗಿಯೊಬ್ಬನು ಜೊತೆಗಿದ್ದರೆ ಹೇಳಿಯಾನು. ನಾವು ನೀವು ಊಹಿಸದಿರುವುದು ಕ್ಷೇಮ.

ಒಂದೇ ದಿನದಲ್ಲಿ ಆರೇಳು ಮನೆ ಮುಗಿಸುವ ಹವ್ಯಾಸವೊಂದಿದೆ. ಬೆಳಿಗ್ಗೆ ಒಂದು, ಸಂಜೆ ಒಂದು, ಅದಕ್ಕೆ ಮೀರಿದರೆ ಯಾವ ಮನೆಯಲ್ಲಿ ಯಾವ ಕಂಬವಿತ್ತೆಂಬುದೇ ಮರೆತುಹೋಗುತ್ತದೆ.

ಕೊನೆಯದಾಗಿ, ಮನೆಯನ್ನು ಮುಂದಿನ ಬೇಸಗೆಯಲ್ಲಿ ಇಳಿಸುವುದಾಗಿ ಮನೆಯವರು ಹೇಳಿದರೆ, ಇಳಿಸಬೇಡಿ ಎಂದು ಉಪದೇಶ ಮಾಡಬೇಡಿರಿ. ಆ ಮಾಡನ್ನು ಪ್ರತಿ ವರ್ಷ ಹೊದಿಸುವ ಖರ್ಚು ನಿಮ್ಮದಲ್ಲ. ಅದಕ್ಕೆ ಬದಲು ಅಪ್ಪಣೆ ಪಡೆದು ಅಳತೆಯ ಪಟ್ಟಿ ಹಿಡಿಯಿರಿ. ಒಳ ಅಂಗಳದ ನಾಲ್ಕು ಕಂಬಗಳ ನಡುವಣ ಅಂತರವನ್ನು ಮೊದಲು ಅಳೆದು ಕಾಗದದ ನಡುವೆ ಬರೆದುಕೊಂಡರೆ, ಉಳಿದ ಕೋಣೆಗಳನ್ನು ಅದರ ಸುತ್ತಲೂ ಜೋಡಿಸುತ್ತ ಹೋಗಬಹುದು. ಚೌಕದ ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆದುಕೊಳ್ಳದಿದ್ದರೆ ನಕ್ಷೆ ಓರೆಯಾಗುತ್ತದೆ. ಗೋಡೆಯ ದಪ್ಪ, ಬಾಗಿಲಿನ ಎತ್ತರ, ನೀರಿನ ಕಂಡಿಯ ಜಾಗ, ಒಂದೊಂದು ಕೋಣೆಗೂ ಮನೆಯವರು ಕರೆಯುವ ಹೆಸರು ಇವಿಷ್ಟನ್ನೂ ಅದರಲ್ಲಿ ಗುರುತಿಸಿ, ಶುದ್ಧಪ್ರತಿಯೊಂದನ್ನು ತಿಂಗಳೊಳಗೆ ಅಂಚೆಯಲ್ಲಿ ಆ ಮನೆಗೇ ಕಳುಹಿಸಿಕೊಡಿರಿ.